ಬೇರೆಯವರ ಮನೆಯಲ್ಲಿ ಇರುವವರಿಗೆ ಕಾಗದ ಕಳಿಸುವಾಗ ವಿಳಾಸ ಹೇಗೆ ಬರೆಯಬೇಕು?

ಹಾದಿಹೂವು:

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಓದೋದಕ್ಕೆ ಅಂತ ಬೇರೆ ದೇಶಕ್ಕೆ ಹೋಗಿದ್ದಾಳೆ. ಸದ್ಯಕ್ಕೆ ಪರಿಚಯದವರ ಮನೆಯಲ್ಲಿ ಒಂದು ಕೋಣೆ ಹಿಡಿದು ಇದ್ದಾಳೆ. ಅವಳ ಮೂಲ ಅಂಕಪಟ್ಟಿ ಮತ್ತು ಇನ್ನೊಂದಷ್ಟು ದಾಖಲೆಗಳನ್ನು ಅಂಚೆಯಲ್ಲಿ ಕಳಿಸಬೇಕು. ಮನೆ ಅವಳದ್ದಲ್ಲ, ಬಾಗಿಲ ಮೇಲೆ ಅವಳ ಹೆಸರಿಲ್ಲ, ಮನೆಯವರ ಅಡ್ಡಹೆಸರೂ ಬೇರೆ. ಕೇರಾಫ್ ಹಾಕಬೇಕು ಅನ್ನೋದು ಗೊತ್ತು, ಆದರೆ ಅದು ಎಲ್ಲಿ ಬರಬೇಕು, ಯಾರ ಹೆಸರು ಮೊದಲು ಅನ್ನೋದರಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ಒಬ್ಬರು ಮನೆಯವರ ಹೆಸರು ಮೇಲೆ ದೊಡ್ಡದಾಗಿ ಬರೆದು ಕೆಳಗೆ ತಂಗಿ ಹೆಸರು ಹಾಕು ಅಂದರು. ಇನ್ನೊಬ್ಬರು ಮನೆಯವರ ಹೆಸರೇ ಬೇಡ, ಮನೆ ನಂಬರ್ ಸರಿ ಇದ್ದರೆ ಸಾಕು ಅಂದರು. ಮೂಲ ಪ್ರತಿಗಳಾದ್ದರಿಂದ ಕಳೆದುಹೋದರೆ ಮತ್ತೆ ತೆಗೆಸೋದು ದೊಡ್ಡ ತಲೆನೋವು. ಗೊತ್ತಿದ್ದವರು ದಯವಿಟ್ಟು ಹೇಳಿ.

ನಿವೃತ್ತ ಸಾರ್ಟರ್:

ತಂಗಿಯ ಹೆಸರೇ ಮೊದಲು. ಇದರಲ್ಲಿ ಎರಡು ಮಾತಿಲ್ಲ. ಕಾಗದ ಯಾರಿಗೆ ಸೇರಬೇಕೋ ಅವರು ಮೊದಲ ಸಾಲು, ಯಾರ ಮನೆಯಲ್ಲಿದ್ದಾರೋ ಅವರು ಎರಡನೇ ಸಾಲು. ಕೇರಾಫ್ ಅನ್ನುವುದನ್ನು ಚಿಕ್ಕದಾಗಿ ಸಿ/ಒ (c/o) ಅಂತ ಬರೆಯುತ್ತಾರೆ. ಆಮೇಲೆ ಆ ಮನೆಯ ವಿಳಾಸ, ಮನೆಯವರಿಗೆ ದಿನಾ ಟಪಾಲು ಯಾವ ವಿಳಾಸಕ್ಕೆ ಬರುತ್ತದೋ ಹಾಗೇ, ಏನೂ ಬದಲಾಯಿಸದೆ.

ತಂಗಿಯ ಪೂರ್ತಿ ಹೆಸರು
ಸಿ/ಒ ಮನೆಯವರ ಪೂರ್ತಿ ಹೆಸರು
ಮನೆ ನಂಬರ್, ರಸ್ತೆ, ಇದ್ದರೆ ಫ್ಲ್ಯಾಟ್ ನಂಬರ್
ಊರು, ಅಂಚೆ ಕೋಡ್
ದೇಶದ ಹೆಸರು

ಯಾಕೆ ಹೀಗೆ ಅಂತ ಹೇಳುತ್ತೇನೆ, ಕಾರಣ ಗೊತ್ತಿದ್ದರೆ ಮುಂದೆ ಯಾವ ದೇಶಕ್ಕೆ ಕಳಿಸಿದರೂ ನೀವೇ ಬರೆದುಕೊಳ್ಳಬಹುದು. ಕವರ್‌ನ ವಿಳಾಸವನ್ನು ಅಂಚೆಯವರು ಕೆಳಗಿನಿಂದ ಮೇಲಕ್ಕೆ ಓದುತ್ತಾರೆ. ಮೊದಲು ದೇಶ, ಆಮೇಲೆ ಕೋಡ್ ಮತ್ತು ಊರು, ಆಮೇಲೆ ರಸ್ತೆ, ಮನೆ. ವಿಂಗಡಣೆ ಯಂತ್ರಕ್ಕೂ ಮುಖ್ಯವಾಗಿ ಬೇಕಾದ್ದು ಈ ಕೆಳಗಿನ ಸಾಲುಗಳೇ. ಕ್ಯಾಮೆರಾ ಅವನ್ನು ಓದುತ್ತದೆ, ಬಹಳ ದೇಶಗಳಲ್ಲಿ ಕವರ್‌ನ ಕೆಳಭಾಗದಲ್ಲಿ ಸಣ್ಣ ಸಣ್ಣ ಗೆರೆಗಳ ಬಾರ್‌ಕೋಡ್ ಹೊಡೆಯುತ್ತದೆ. ಮುಂದಿನ ಯಂತ್ರಗಳು ಆ ಗೆರೆಗಳನ್ನೇ ನಂಬಿ ಕವರನ್ನು ದೂಡುತ್ತವೆ. ಮೇಲಿನ ಎರಡು ಹೆಸರುಗಳನ್ನು ಗಮನ ಇಟ್ಟು ನೋಡುವವನು ಕೊನೆಯಲ್ಲಿ ಬಾಗಿಲಿಗೆ ಬರುವ ಅಂಚೆಯಣ್ಣ. ಅವನಿಗೆ ನಿಮ್ಮ ತಂಗಿ ಯಾರೋ ಗೊತ್ತಿಲ್ಲ. ಮನೆಯವರ ಹೆಸರು ಗೊತ್ತು, ಇಲ್ಲವೇ ಟಪಾಲು ಪೆಟ್ಟಿಗೆ ಮೇಲೆ ಕಾಣುತ್ತದೆ. ಗೊತ್ತಿಲ್ಲದ ಹೆಸರನ್ನು ಗೊತ್ತಿರುವ ಬಾಗಿಲಿಗೆ ಜೋಡಿಸುವುದೇ ಆ ಎರಡನೇ ಸಾಲಿನ ಕೆಲಸ.

ಅದಕ್ಕೇ ಕೇರಾಫ್ ಸಾಲನ್ನು ಯಾವತ್ತೂ ಊರು, ಕೋಡ್ ಕೆಳಗೆ ಬರೆಯಬೇಡಿ. ಜಾಗ ಸಾಲಲಿಲ್ಲ ಅಂತ ಮೂಲೆಯಲ್ಲಿ ಅಡ್ಡಡ್ಡ ಬರೆಯೋದೂ ಬೇಡ. ಕವರ್‌ನ ಕೆಳಗಿನ ಪಟ್ಟಿ ಖಾಲಿ ಇರಲಿ, ಆ ಗೆರೆಗಳು ಬೀಳೋದು ಅಲ್ಲೇ.

ಮರುಪ್ರಶ್ನೆ:

ಸರ್, ಒಂದು ಅನುಮಾನ. ನಾನು ಬ್ರಿಟನ್‌ನಲ್ಲಿ ಸ್ನೇಹಿತನ ಮನೆಯಲ್ಲಿದ್ದಾಗ ನನ್ನ ಹೆಸರು ಮತ್ತು ಮನೆ ನಂಬರ್ ಮಾತ್ರ ಹಾಕಿಸಿಕೊಂಡು ಎಷ್ಟೋ ಕಾಗದ ತರಿಸಿಕೊಂಡಿದ್ದೇನೆ. ಎಲ್ಲವೂ ಬಂದವು. ಅಂದರೆ ಕೇರಾಫ್ ಇಲ್ಲದೆಯೂ ನಡೆಯುತ್ತದೆ ಅಲ್ವಾ?

ಕಡಲಾಚೆ:

ಬ್ರಿಟನ್‌ನಲ್ಲಿ ನಡೆಯುತ್ತದೆ, ಯಾಕಂದರೆ ಅಲ್ಲಿ ರಾಯಲ್ ಮೇಲ್ ತಲುಪಿಸುವುದು ವಿಳಾಸಕ್ಕೆ, ಹೆಸರಿಗಲ್ಲ. ಕವರ್ ಮೇಲೆ ಯಾರ ಹೆಸರಿದ್ದರೂ ಮನೆ ನಂಬರ್ ಸರಿ ಇದ್ದರೆ ಬಾಗಿಲ ಸೀಳಿನಿಂದ ಒಳಗೆ ಬೀಳುತ್ತದೆ. ಅದನ್ನೇ ಎಲ್ಲ ಕಡೆ ನಂಬಬೇಡಿ.

ನಾನು ಇರುವುದು ಜರ್ಮನಿಯಲ್ಲಿ. ಇಲ್ಲಿ ಫ್ಲ್ಯಾಟ್‌ಗಳಿಗೆ ಸಾಮಾನ್ಯವಾಗಿ ನಂಬರೇ ಇರುವುದಿಲ್ಲ. ಒಂದೇ ಕಟ್ಟಡದ ನಂಬರಿಗೆ ಇಪ್ಪತ್ತು ಮನೆ ಇದ್ದರೂ ವಿಳಾಸ ಎಲ್ಲರಿಗೂ ಒಂದೇ. ಕೆಳಗಡೆ ಸಾಲಾಗಿ ಟಪಾಲು ಪೆಟ್ಟಿಗೆಗಳು, ಒಂದೊಂದರ ಮೇಲೂ ಅಡ್ಡಹೆಸರಿನ ಸಣ್ಣ ಚೀಟಿ. ಬಟವಾಡೆ ಮಾಡುವವರು ಆ ಚೀಟಿ ಮತ್ತು ಕವರ್ ಮೇಲಿನ ಹೆಸರು ಹೋಲಿಸಿ ನೋಡಿ ಹಾಕುತ್ತಾರೆ. ಹೆಸರು ಪೆಟ್ಟಿಗೆ ಮೇಲೆ ಇಲ್ಲ ಅಂದರೆ ಆ ವ್ಯಕ್ತಿ ಅಲ್ಲಿ ಇಲ್ಲ ಅಂತಲೇ ಲೆಕ್ಕ, ಕಾಗದ ವಾಪಸ್. ನನ್ನ ಜೊತೆ ಕೆಲಸ ಮಾಡುವ ಹುಡುಗನೊಬ್ಬ ಬಂದ ಹೊಸದರಲ್ಲಿ ಇದೇ ಕಾರಣಕ್ಕೆ ತನ್ನ ವಿಮೆಯ ಕಾಗದಗಳು ಬರಲೇ ಇಲ್ಲ ಅಂತ ಪರದಾಡಿದ. ಮನೆಯವರನ್ನು ಕೇಳಿ ತನ್ನ ಹೆಸರಿನ ಚೀಟಿ ಪೆಟ್ಟಿಗೆಗೆ ಅಂಟಿಸಿದ ಮೇಲೆ ಸರಿಹೋಯಿತು.

ಹಾಗಾಗಿ ಹಾದಿಹೂವು ಅವರೇ, ತಂಗಿ ಯಾವ ದೇಶದಲ್ಲಿದ್ದರೂ ಎರಡೂ ಮಾಡಿಸಿ. ಕವರ್ ಮೇಲೆ ಕೇರಾಫ್ ಸಾಲು, ಪೆಟ್ಟಿಗೆ ಮೇಲೆ ಅವಳ ಹೆಸರಿನ ಚೀಟಿ. ಮನೆಯವರು ಬೇಡ ಅನ್ನುವುದು ಅಪರೂಪ, ಕೇಳಬೇಕು ಅಷ್ಟೆ.

ನಿವೃತ್ತ ಸಾರ್ಟರ್:

ಕಡಲಾಚೆ ಅವರು ಹೇಳಿದ್ದು ಸರಿಯಾಗಿದೆ. ಕೇರಾಫ್ ಹಾಕುವುದರಿಂದ ಎಲ್ಲೂ ನಷ್ಟ ಇಲ್ಲ. ಹಾಕದೆ ಇದ್ದರೆ ಕೆಲವು ಕಡೆ ಬರುತ್ತದೆ, ಕೆಲವು ಕಡೆ ಬರುವುದಿಲ್ಲ. ಕಳಿಸುವವರಿಗೆ ಅದು ಗೊತ್ತಾಗುವುದು ಕವರ್ ವಾಪಸ್ ಬಂದಾಗ ಮಾತ್ರ.

ವಾಪಸ್ ಬಂದ ವಿದೇಶಿ ಕವರ್ ಯಾರಾದರೂ ನೋಡಿದ್ದೀರಾ? ಅದರ ಮೇಲೆ ಒಂದು ಚಿಕ್ಕ ಲೇಬಲ್ ಅಂಟಿರುತ್ತದೆ, ಇಲ್ಲವೇ ಮುದ್ರೆ ಹೊಡೆದಿರುತ್ತಾರೆ. ಅಂಚೆಯವರ ಲೆಕ್ಕದಲ್ಲಿ ಅದಕ್ಕೆ ಸಿಎನ್ 15 ಅಂತ ಹೆಸರು. ಅದರಲ್ಲಿ ಕಾರಣಗಳ ಪಟ್ಟಿ ಇರುತ್ತದೆ: ಈ ಹೆಸರಿನವರು ಇಲ್ಲ, ವಿಳಾಸ ಪೂರ್ತಿ ಇಲ್ಲ, ಮನೆ ಬದಲಾಯಿಸಿದ್ದಾರೆ, ತೆಗೆದುಕೊಳ್ಳಲು ಒಪ್ಪಲಿಲ್ಲ, ಯಾರೂ ಬಂದು ಬಿಡಿಸಿಕೊಳ್ಳಲಿಲ್ಲ. ಫ್ರೆಂಚಿನಲ್ಲೂ ಇರುತ್ತದೆ, ಯಾಕಂದರೆ 1874ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಶುರುವಾದ ವಿಶ್ವ ಅಂಚೆ ಒಕ್ಕೂಟದ ಅಧಿಕೃತ ಭಾಷೆ ಅದೇ. ಆ ಪಟ್ಟಿಯಲ್ಲಿ ಒಂದಕ್ಕೆ ಗುರುತು ಹಾಕಿ ಕಳಿಸುತ್ತಾರೆ. ಬೇರೆಯವರ ಮನೆಯಲ್ಲಿರುವವರ ಕಾಗದ ವಾಪಸ್ ಬಂದರೆ ಗುರುತು ಬೀಳೋದು ಸಾಮಾನ್ಯವಾಗಿ ಮೊದಲನೆಯದಕ್ಕೆ, ಅಂದರೆ ಈ ಹೆಸರಿನವರು ಇಲ್ಲ ಅನ್ನುವುದಕ್ಕೆ. ಮನುಷ್ಯ ಅಲ್ಲೇ ಒಳಗೆ ಕೂತಿರುತ್ತಾನೆ, ಕಾಗದ ಸಮುದ್ರ ದಾಟಿ ವಾಪಸ್ ಹೋಗುತ್ತಿರುತ್ತದೆ. ನನಗೆ ಬಹಳ ಸಂಕಟ ಆಗುತ್ತಿದ್ದದ್ದು ಇಂಥವನ್ನು ನೋಡಿದಾಗಲೇ, ಒಂದು ಸಾಲು ಜಾಸ್ತಿ ಬರೆದಿದ್ದರೆ ಸೇರುತ್ತಿತ್ತಲ್ಲ ಅಂತ.

ಇನ್ನೊಂದು ಮಾತು. ಕವರ್ ವಾಪಸ್ ಬರಬೇಕಾದರೂ ಕಳಿಸಿದವರ ವಿಳಾಸ ಬೇಕು. ಅದನ್ನು ಬರೆಯದೆ ಕಳಿಸುವವರು ಈಗಲೂ ಬೇಕಾದಷ್ಟು ಜನ ಇದ್ದಾರೆ.

ಹಾದಿಹೂವು:

ಬಹಳ ಉಪಕಾರ ಆಯಿತು ಸರ್, ಕಡಲಾಚೆ ಅವರಿಗೂ ಧನ್ಯವಾದ. ಇನ್ನೂ ಕೆಲವು ಅನುಮಾನ ಇವೆ. ರಿಜಿಸ್ಟರ್ ಮಾಡಿದರೆ ಸಹಿ ಯಾರು ಹಾಕಬೇಕು? ತಂಗಿ ಹಗಲೆಲ್ಲಾ ಕಾಲೇಜಿನಲ್ಲಿರುತ್ತಾಳೆ. ಮನೆಯವರೇ ಸಹಿ ಹಾಕಿದರೆ ಆಗುತ್ತಾ? ಕೇರಾಫ್ ಅವರ ಹೆಸರಿನಲ್ಲಿದೆ ಅಂತ ಅವರು ಕವರ್ ಒಡೆಯಬಹುದಾ? ಒಳ್ಳೆಯ ಜನವೇ, ಆದರೂ ಕೇಳುತ್ತಿದ್ದೇನೆ.

ಮನೆಯೊಡತಿ:

ಮನೆಯವರ ಕಡೆಯಿಂದ ನಾನು ಹೇಳುತ್ತೇನೆ, ನಮ್ಮ ಮನೆಯಲ್ಲಿ ಸದಾ ಯಾರಾದರೂ ಓದುವ ಮಕ್ಕಳು ಇದ್ದೇ ಇರುತ್ತಾರೆ.

ಕವರ್ ಒಡೆಯೋ ಹಕ್ಕು ನಮಗೆ ಇಲ್ಲ. ಕೇರಾಫ್ ಅಂತ ನಮ್ಮ ಹೆಸರು ಇದ್ದರೆ ನಾವು ಅದನ್ನು ತೆಗೆದುಕೊಂಡು ಆ ಮಗುವಿನ ಕೈಗೆ ಕೊಡಬೇಕು, ಅಷ್ಟೇ. ಬೇರೆಯವರ ಟಪಾಲನ್ನು ಬೇಕಂತಲೇ ಒಡೆಯೋದು, ಬಚ್ಚಿಡೋದು ಬಹಳ ದೇಶಗಳಲ್ಲಿ ಅಪರಾಧ. ಅಮೆರಿಕದಲ್ಲಂತೂ ಅದು ಕೇಂದ್ರ ಸರ್ಕಾರದ ಕಾನೂನಿನಡಿ ಜೈಲಿಗೆ ಹೋಗುವಂಥ ಅಪರಾಧ. ಆದರೆ ಇಲ್ಲಿ ಕಳಿಸುವವರ ಜವಾಬ್ದಾರಿಯೂ ಇದೆ. ಹಾದಿಹೂವು ಅವರಿಗೆ ಯಾರೋ ಹೇಳಿದರಂತಲ್ಲ, ಮನೆಯವರ ಹೆಸರು ಮೇಲೆ ದೊಡ್ಡದಾಗಿ ಬರಿ ಅಂತ, ಹಾಗೆ ಮಾಡಿದರೆ ಅದು ನನ್ನದೇ ಕಾಗದ ಅಂತ ನಾನು ಒಡೆದುಬಿಡುತ್ತೇನೆ. ರಾಶಿ ಟಪಾಲಿನ ಮಧ್ಯೆ ಮೊದಲ ಸಾಲು ನೋಡಿಯೇ ಕತ್ತರಿ ಹಾಕುವುದು. ಎರಡನೇ ಸಾಲಿನಲ್ಲಿ ಬೇರೆ ಹೆಸರಿದೆ ಅಂತ ಕಾಣುವಷ್ಟರಲ್ಲಿ ಕವರ್ ತೆರೆದಿರುತ್ತದೆ. ಅದರಲ್ಲಿ ಆಸ್ಪತ್ರೆ ರಿಪೋರ್ಟೋ ಬ್ಯಾಂಕ್ ಲೆಕ್ಕವೋ ಇದ್ದರೆ ಆ ಮಗುವಿಗೂ ಮುಜುಗರ, ನಮಗೂ ಮುಜುಗರ.

ಇನ್ನೊಂದು, ಇದನ್ನು ಮನಸ್ಸಿಟ್ಟು ಹೇಳುತ್ತಿದ್ದೇನೆ. ಕಳಿಸುವ ಮೊದಲು ಮನೆಯವರಿಗೆ ಒಂದು ಮಾತು ತಿಳಿಸಿ. ನಿಮ್ಮ ಹೆಸರಿನಲ್ಲಿ ಕೇರಾಫ್ ಹಾಕಿ ಇಂಥವರಿಗೆ ಒಂದು ಕವರ್ ಬರುತ್ತದೆ, ಇಂಥ ಬಣ್ಣದ್ದು, ಸಹಿ ಬೇಕಾಗಬಹುದು ಅಂತ. ಗೊತ್ತಿಲ್ಲದ ಹೆಸರಿಗೆ ರಿಜಿಸ್ಟರ್ ಬಂದರೆ ಯಾರೂ ಸಹಿ ಹಾಕಲು ಮುಂದೆ ಬರುವುದಿಲ್ಲ. ನನ್ನ ಅತ್ತೆಯವರು ಮನೆಯಲ್ಲಿ ಒಬ್ಬರೇ ಇದ್ದಾಗ ಹಾಗೆ ಬಂದದ್ದನ್ನು ನಮ್ಮದಲ್ಲ ಅಂತ ಕಳಿಸಿಬಿಟ್ಟಿದ್ದರು. ಅವರ ತಪ್ಪೇನೂ ಇಲ್ಲ, ಅವರಿಗೆ ಹುಡುಗಿಯ ಮನೆ ಹೆಸರು ಗೊತ್ತು, ಪಾಸ್‌ಪೋರ್ಟಿನ ಹೆಸರು ಗೊತ್ತಿರಲಿಲ್ಲ. ಮನೆಯಲ್ಲಿ ಇರುವ ಎಲ್ಲರಿಗೂ ಗೊತ್ತಿರಬೇಕು, ವಯಸ್ಸಾದವರಿಗೆ ವಿಶೇಷವಾಗಿ.

ನಿವೃತ್ತ ಸಾರ್ಟರ್:

ಅಮ್ಮನವರು ಹೇಳಿದ್ದು ನೂರಕ್ಕೆ ನೂರು ನಿಜ. ಸಹಿ ವಿಚಾರ: ಸಾಮಾನ್ಯ ರಿಜಿಸ್ಟರ್ಡ್ ಕವರನ್ನು ಬಹಳ ದೇಶಗಳಲ್ಲಿ ಆ ವಿಳಾಸದಲ್ಲಿರುವ ದೊಡ್ಡವರು ಯಾರಾದರೂ ಸಹಿ ಹಾಕಿ ತೆಗೆದುಕೊಳ್ಳಬಹುದು. ಕೇರಾಫ್‌ನಲ್ಲಿ ಅವರ ಹೆಸರೇ ಇದ್ದರೆ ಇನ್ನೂ ಸುಲಭ. ಖುದ್ದು ಅವರ ಕೈಗೇ ಕೊಡಬೇಕು ಅನ್ನುವ ಸೇವೆ ಬೇರೆ ಇರುತ್ತದೆ. ತಂಗಿ ಹಗಲು ಮನೆಯಲ್ಲಿ ಇಲ್ಲದಿದ್ದರೆ ಅದನ್ನು ತೆಗೆದುಕೊಳ್ಳಬೇಡಿ. ಅಂಚೆಯಣ್ಣ ಚೀಟಿ ಬಿಟ್ಟು ಹೋಗುತ್ತಾನೆ, ಅವಳು ಗುರುತಿನ ಚೀಟಿ ಹಿಡಿದು ಅಂಚೆ ಕಚೇರಿಗೆ ಹೋಗಬೇಕು, ಅಲ್ಲಿ ಹೆಸರಿನ ಕಾಗುಣಿತ ಪಾಸ್‌ಪೋರ್ಟಿಗೆ ಹೊಂದಲಿಲ್ಲ ಅಂದರೆ ಮತ್ತೊಂದು ರಗಳೆ. ಮನೆಯಲ್ಲಿ ಕರೆಯುವ ಹೆಸರನ್ನು ಕವರ್ ಮೇಲೆ ಹಾಕಲೇಬಾರದು. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆ, ಇನಿಷಿಯಲ್ ಬಿಡಿಸಿದ್ದರೆ ಬಿಡಿಸಿ.

ಬರೆಯುವುದು ರೋಮನ್ ಲಿಪಿಯಲ್ಲಿ ಇರಲಿ, ದೇಶದ ಹೆಸರು ಕೊನೆಯ ಸಾಲಿನಲ್ಲಿ ದಪ್ಪ ಅಕ್ಷರದಲ್ಲಿ ಪ್ರತ್ಯೇಕವಾಗಿ. ಆ ದೇಶದ ಲಿಪಿ ಬೇರೆಯಾದರೆ ಆ ಲಿಪಿಯಲ್ಲೂ ವಿಳಾಸವನ್ನು ಮನೆಯವರಿಂದ ಬರೆಸಿ ಫೋಟೋ ತರಿಸಿಕೊಂಡು ಮುದ್ರಿಸಿ ಅಂಟಿಸಿ. ಬಾಗಿಲಿಗೆ ಹೋಗುವವನಿಗೆ ಅದು ದೊಡ್ಡ ಸಹಾಯ.

ಪಾರ್ಸೆಲ್ ಪುಟ್ಟ:

ಅಂಚೆ ಬಿಟ್ಟು ಕೊರಿಯರ್, ಆನ್‌ಲೈನ್ ಖರೀದಿ ವಿಚಾರಕ್ಕೆ ಬರುತ್ತೇನೆ, ನನ್ನ ಕೆಲಸವೇ ಪ್ಯಾಕಿಂಗ್ ಮತ್ತು ರವಾನೆ. ಫಾರ್ಮಿನಲ್ಲಿ ಕೇರಾಫ್ ಅಂತ ಪ್ರತ್ಯೇಕ ಜಾಗ ಇರುವುದು ಬಹಳ ಕಡಿಮೆ. ಜನ ಏನು ಮಾಡುತ್ತಾರೆ ಅಂದರೆ ಅದನ್ನು ಕೊನೆಯಲ್ಲಿರುವ ಸೂಚನೆ ಪೆಟ್ಟಿಗೆಯಲ್ಲಿ ಬರೆಯುತ್ತಾರೆ. ಆ ಸೂಚನೆ ಎಷ್ಟೋ ಸಲ ಲೇಬಲ್ ಮೇಲೆ ಮುದ್ರಣ ಆಗುವುದೇ ಇಲ್ಲ.

ನೀವು ಹೀಗೆ ಮಾಡಿ. ಹೆಸರಿನ ಜಾಗದಲ್ಲಿ ಪಡೆಯುವವರ ಹೆಸರು. ಕಂಪನಿ ಅಂತ ಒಂದು ಜಾಗ ಇದ್ದರೆ ಅಲ್ಲಿ ಸಿ/ಒ ಹಾಕಿ ಮನೆಯವರ ಹೆಸರು. ಅದು ಲೇಬಲ್ ಮೇಲೆ ಹೆಸರಿನ ಕೆಳಗೇ, ರಸ್ತೆಯ ಮೇಲೇ ಬರುತ್ತದೆ, ಅಂದರೆ ಬೇಕಾದ ಜಾಗದಲ್ಲೇ. ಕಂಪನಿ ಜಾಗ ಇಲ್ಲದಿದ್ದರೆ ಹೆಸರಿನ ಜಾಗದಲ್ಲೇ ಇಬ್ಬರನ್ನೂ ಸೇರಿಸಿ, ಮೊದಲು ಪಡೆಯುವವರು, ಮಧ್ಯೆ ಸಿ/ಒ, ಆಮೇಲೆ ಮನೆಯವರ ಅಡ್ಡಹೆಸರು. ಆದರೆ ಉದ್ದ ನೋಡಿಕೊಳ್ಳಿ. ದೊಡ್ಡ ಕೊರಿಯರ್‌ಗಳ ಲೇಬಲ್‌ನಲ್ಲಿ ಒಂದು ಸಾಲಿಗೆ ಸಾಮಾನ್ಯವಾಗಿ 35 ಅಕ್ಷರದಷ್ಟು ಜಾಗ, ಮಿಕ್ಕಿದ್ದು ಕತ್ತರಿಸಿ ಹೋಗುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ನಮ್ಮ ಕಡೆಯ ಉದ್ದನೆಯ ಹೆಸರು ಪೂರ್ತಿ ಹಾಕಿ ಆಮೇಲೆ ಮನೆಯವರ ಪೂರ್ತಿ ಹೆಸರು ಹಾಕಿದರೆ ಕತ್ತರಿಸಿ ಹೋಗುವುದು ಮನೆಯವರ ಹೆಸರೇ. ವಿಳಾಸದ ಮೊದಲ ಸಾಲಿನಲ್ಲಿ ಮಾತ್ರ ಕೇರಾಫ್ ತುರುಕಬೇಡಿ. ಅಲ್ಲಿ ಮನೆ ನಂಬರ್ ಮತ್ತು ರಸ್ತೆಯೇ ಇರಬೇಕು, ಕಂಪ್ಯೂಟರ್ ಅದನ್ನು ತನ್ನ ಪಟ್ಟಿಯ ಜೊತೆ ಹೋಲಿಸಿ ನೋಡುತ್ತದೆ, ಹೊಂದದಿದ್ದರೆ ವಿಳಾಸ ತಪ್ಪು ಅನ್ನುತ್ತದೆ.

ಫೋನ್ ನಂಬರ್ ಯಾರದ್ದು ಅಂತ ಎಲ್ಲರೂ ಕೇಳುತ್ತಾರೆ. ಹಗಲು ಫೋನ್ ಎತ್ತುವವರದ್ದು. ವಿದೇಶಕ್ಕೆ ಹೋಗುವ ಪಾರ್ಸೆಲ್ ಆದರೆ ಪಡೆಯುವವರದ್ದೇ ಹಾಕಿ, ಕಸ್ಟಮ್ಸ್‌ನವರು ಸುಂಕ ಕಟ್ಟಿ ಅಂತ ಸಂದೇಶ ಕಳಿಸುವುದು ಆ ನಂಬರಿಗೆ. ಮನೆಯವರ ನಂಬರಿಗೆ ಹೋದರೆ ಅವರು ಇದು ಮೋಸದ ಸಂದೇಶ ಅಂತ ಅಳಿಸಿಹಾಕುತ್ತಾರೆ.

ಕಾರ್ಡಿನಲ್ಲಿ ದುಡ್ಡು ಕಟ್ಟುವಾಗ ಬಿಲ್ಲಿಂಗ್ ವಿಳಾಸ ಬೇರೆ, ತಲುಪಿಸುವ ವಿಳಾಸ ಬೇರೆ. ಬಿಲ್ಲಿಂಗ್‌ಗೆ ಬ್ಯಾಂಕಿನಲ್ಲಿ ಇರುವ ಸ್ವಂತ ವಿಳಾಸವೇ. ಕೇರಾಫ್ ಬರೋದು ತಲುಪಿಸುವ ವಿಳಾಸದಲ್ಲಿ ಮಾತ್ರ.

ಸಾಗರಯಾನಿ:

ಕಸ್ಟಮ್ಸ್ ಮಾತು ಬಂದದ್ದು ಒಳ್ಳೆಯದಾಯಿತು. ದಾಖಲೆ ಬಿಟ್ಟು ವಸ್ತು ಏನಾದರೂ ಕಳಿಸಿದರೆ ಅಂಚೆಯಲ್ಲಿ ಸಿಎನ್ 22 ಅಥವಾ ಸಿಎನ್ 23 ಅಂತ ಕಸ್ಟಮ್ಸ್ ಫಾರ್ಮ್ ತುಂಬಬೇಕು, ಕಡಿಮೆ ಬೆಲೆಯದಕ್ಕೆ 22, ಜಾಸ್ತಿ ಬೆಲೆಯದಕ್ಕೆ 23. ಪಾರ್ಸೆಲ್ ಮೇಲೆ ತಂಗಿ ಹೆಸರು, ಫಾರ್ಮಿನಲ್ಲಿ ಮನೆಯವರ ಹೆಸರು ಅಂತ ಬರೆದರೆ ಕಸ್ಟಮ್ಸ್‌ನಲ್ಲಿ ನಿಂತುಬಿಡುತ್ತದೆ. ಎರಡೂ ಕಡೆ ಅದೇ ಹೆಸರು, ಅದೇ ಕೇರಾಫ್.

ನಾನು ಹಡಗಿನಲ್ಲಿ ಕೆಲಸ ಮಾಡುವವನು. ನಮಗೆ ಮನೆಯಿಂದ ಕಾಗದ ಬರಬೇಕಾದರೆ ಹಡಗಿಗೆ ನೇರ ಬರೆಯಲು ಆಗುವುದಿಲ್ಲ, ಹಡಗು ಇವತ್ತು ಇಲ್ಲಿ ನಾಳೆ ಎಲ್ಲೋ. ಮುಂದಿನ ಬಂದರಿನಲ್ಲಿ ನಮ್ಮ ಹಡಗಿನ ಕೆಲಸ ನೋಡಿಕೊಳ್ಳುವ ಏಜೆಂಟರ ಕಚೇರಿಗೆ ಕೇರಾಫ್ ಮಾಡುತ್ತಾರೆ. ಮೊದಲ ಸಾಲು ನಮ್ಮ ಹೆಸರು ಮತ್ತು ಹುದ್ದೆ, ಎರಡನೆಯದು ಹಡಗಿನ ಹೆಸರು, ಮೂರನೆಯದು ಏಜೆಂಟರ ಹೆಸರು, ಆಮೇಲೆ ಅವರ ವಿಳಾಸ. ಹಡಗಿನ ಹೆಸರಿನ ಸಾಲು ಬಿಟ್ಟರೆ ಏಜೆಂಟರ ಕಚೇರಿಯಲ್ಲಿ ಕಾಗದ ಮೂಲೆ ಸೇರುತ್ತದೆ, ಅವರು ನೋಡಿಕೊಳ್ಳುವ ಹಡಗುಗಳು ಒಂದಲ್ಲ ಎರಡಲ್ಲ. ಹೋಟೆಲ್‌ಗೆ ಕಳಿಸುವವರಿಗೂ ಇದೇ ಅನ್ವಯ. ಅತಿಥಿಯ ಹೆಸರು ಬುಕಿಂಗ್‌ನಲ್ಲಿ ಹೇಗಿದೆಯೋ ಹಾಗೆ, ಆಮೇಲೆ ಸಿ/ಒ ಹೋಟೆಲ್ ಹೆಸರು, ಜೊತೆಗೆ ಅತಿಥಿ ಬರುವ ತಾರೀಖು. ಕಾಗದ ಮೊದಲೇ ಬಂದು ಅತಿಥಿ ಆಮೇಲೆ ಬಂದರೆ ಮುಂಭಾಗದ ಮೇಜಿನವರು ಆ ತಾರೀಖು ನೋಡಿ ಎತ್ತಿಡುತ್ತಾರೆ.

ಬಾಡಿಗೆಮನೆ:

ಈ ಮಾತುಕತೆಯಲ್ಲಿ ಬರದ ಒಂದು ವಿಷಯ. ಮನೆಯವರ ಹೆಸರು ಹಾಕುವುದಕ್ಕೇ ಆಗದಂಥ ಪರಿಸ್ಥಿತಿ ಇರುತ್ತದೆ. ಗಂಡನ ಮನೆ ಬಿಟ್ಟು ಬಂದು ಗೆಳತಿ ಮನೆಯಲ್ಲಿರುವ ಹೆಣ್ಣುಮಗಳು, ತಾನು ಎಲ್ಲಿದ್ದೇನೆ ಅಂತ ಗೊತ್ತಾಗಬಾರದು ಅನ್ನುವವಳು. ಇಲ್ಲವೇ ಕೆಲವು ದಿನ ಒಬ್ಬರ ಮನೆ, ಕೆಲವು ದಿನ ಇನ್ನೊಬ್ಬರ ಮನೆ ಅಂತ ಇರುವವರು. ಇವರು ಏನು ಮಾಡಬೇಕು? ನನ್ನ ಆಪ್ತರೊಬ್ಬರಿಗೆ ಬೇಕಾಗಿದೆ, ದಯವಿಟ್ಟು ಗಂಭೀರವಾಗಿ ಹೇಳಿ.

ನಿವೃತ್ತ ಸಾರ್ಟರ್:

ಅದಕ್ಕೆ ಹಳೆಯ, ಗಟ್ಟಿಯಾದ ದಾರಿ ಒಂದಿದೆ. ಪೋಸ್ಟ್ ರೆಸ್ಟಾಂಟ್ ಅನ್ನುತ್ತಾರೆ. ಅಂಚೆ ಕಚೇರಿಯೇ ಕಾಗದವನ್ನು ಇಟ್ಟುಕೊಂಡಿರುತ್ತದೆ, ನಾವು ಹೋಗಿ ಬಿಡಿಸಿಕೊಳ್ಳುವುದು. ಹೆಸರು ಮೊದಲ ಸಾಲು, ಎರಡನೇ ಸಾಲಿನಲ್ಲಿ ಪೋಸ್ಟ್ ರೆಸ್ಟಾಂಟ್, ಆಮೇಲೆ ಅಂಚೆ ಕಚೇರಿಯ ಹೆಸರು, ಊರು, ಕೋಡ್. ಯಾರ ಮನೆ ವಿಳಾಸವೂ ಅದರಲ್ಲಿ ಇಲ್ಲ. ಅಮೆರಿಕದಲ್ಲಿ ಇದೇ ಸೇವೆಗೆ ಜನರಲ್ ಡೆಲಿವರಿ ಅಂತ ಬರೆಯಬೇಕು. ಎಲ್ಲ ಅಂಚೆ ಕಚೇರಿಗಳಲ್ಲೂ ಇರುವುದಿಲ್ಲ, ಮೊದಲು ಹೋಗಿ ಕೇಳಿಕೊಂಡು ಬರಲಿ. ಗುರುತಿನ ಚೀಟಿ ಬೇಕೇ ಬೇಕು. ಇಟ್ಟುಕೊಳ್ಳುವ ಅವಧಿಗೂ ಮಿತಿ ಇದೆ, ಅದು ಮುಗಿದರೆ ಕಳಿಸಿದವರಿಗೆ ವಾಪಸ್.

ಕಡಲಾಚೆ:

ಮನೆ ಇಲ್ಲದವರಿಗೆ ಅಂತಲೇ ಐರ್ಲೆಂಡಿನ ಅಂಚೆ ಸಂಸ್ಥೆ ಆನ್ ಪೋಸ್ಟ್ 2019ರಲ್ಲಿ ಅಡ್ರೆಸ್ ಪಾಯಿಂಟ್ ಅಂತ ಒಂದು ಉಚಿತ ಸೇವೆ ಶುರುಮಾಡಿತು. ಅವರಿಗೆ ಸ್ವಂತದ್ದೇ ಒಂದು ವಿಳಾಸ ಸಿಗುತ್ತದೆ, ಕಾಗದವನ್ನು ಹತ್ತಿರದ ಅಂಚೆ ಕಚೇರಿಯಿಂದ ತೆಗೆದುಕೊಳ್ಳಬಹುದು. ನೋಡುವವರಿಗೆ ಅದು ಮಾಮೂಲಿ ವಿಳಾಸದ ಹಾಗೇ ಕಾಣುತ್ತದೆ, ಕೆಲಸಕ್ಕೆ ಅರ್ಜಿ ಹಾಕುವಾಗ ಮನೆ ಇಲ್ಲ ಅನ್ನುವುದು ಗೊತ್ತಾಗುವುದಿಲ್ಲ. ಇಂಥದ್ದು ಎಲ್ಲ ದೇಶದಲ್ಲೂ ಬರಬೇಕು ಅನ್ನುವುದು ನನ್ನ ಆಸೆ. ವಿಳಾಸ ಇಲ್ಲದಿದ್ದರೆ ಬ್ಯಾಂಕಿನ ಖಾತೆ, ಆಸ್ಪತ್ರೆಯ ಕರೆ, ಕೋರ್ಟಿನ ನೋಟಿಸ್ ಯಾವುದೂ ನೆಟ್ಟಗೆ ಬರುವುದಿಲ್ಲ.

ಬಾಡಿಗೆಮನೆ ಅವರೇ, ಆ ಹೆಣ್ಣುಮಗಳಿಗೆ ಇನ್ನೊಂದು ಹೇಳಿ. ಅವರು ಕಾಗದ ಕಳಿಸುವಾಗ ಹಿಂದೆ ಬರೆಯುವ ತಮ್ಮ ವಿಳಾಸದಲ್ಲೂ ಗೆಳತಿಯ ಮನೆ ಬರೆಯಬಾರದು, ಪೋಸ್ಟ್ ರೆಸ್ಟಾಂಟ್ ಅಂತಲೇ ಬರೆಯಲಿ. ಸಹಾಯ ಮಾಡುವ ಸಂಸ್ಥೆ ಯಾವುದಾದರೂ ಜೊತೆಗಿದ್ದರೆ ಅವರನ್ನು ಕೇಳಿ ಅವರ ಕಚೇರಿಗೆ ಕೇರಾಫ್ ಹಾಕಿಸಿಕೊಳ್ಳುವುದೂ ಒಳ್ಳೆಯ ದಾರಿ.

ಬಾಡಿಗೆಮನೆ:

ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಇವತ್ತೇ ಅವರಿಗೆ ತಿಳಿಸುತ್ತೇನೆ.

ಮರುಪ್ರಶ್ನೆ:

ಬೇರೆ ಭಾಷೆಯ ದೇಶದಲ್ಲಿ ಸಿ/ಒ ಅಂತ ಬರೆದರೆ ಅರ್ಥ ಆಗುತ್ತಾ?

ಕಡಲಾಚೆ:

ಆಗುತ್ತದೆ. ಜರ್ಮನಿ, ಸ್ವೀಡನ್ ಕಡೆ ಅದೇ ರೂಢಿ. ಅದರ ಬದಲು ಫ್ರಾನ್ಸಿನಲ್ಲಿ ಶೇ (chez), ಇಟಲಿಯಲ್ಲಿ ಪ್ರೆಸ್ಸೊ (presso), ನೆದರ್‌ಲ್ಯಾಂಡ್ಸ್‌ನಲ್ಲಿ ಪಿ/ಎ (p/a) ಅಂತ ಹಾಕುತ್ತಾರೆ. ಫ್ರಾನ್ಸಿಗೆ ಬರೆಯುವಾಗ ಒಟ್ಟು 6 ಸಾಲು, ಸಾಲಿಗೆ 38 ಅಕ್ಷರ ಮೀರಬಾರದು ಅಂತ ಅವರ ಮಾನದಂಡ ಇದೆ. ಜಪಾನಿನಲ್ಲಿ ಮಾತ್ರ ಕ್ರಮ ತಿರುವುಮುರುವು. ಅವರ ಲಿಪಿಯಲ್ಲಿ ಬರೆಯುವಾಗ ದೊಡ್ಡ ಪ್ರಾಂತ್ಯದಿಂದ ಶುರುಮಾಡಿ ಮನೆಗೆ ಬರುತ್ತಾರೆ, ಆಮೇಲೆ ಮನೆಯವರ ಹೆಸರಿಗೆ ಸಮ-ಕತ, ಅಂದರೆ ಇಂಥವರ ಮನೆಯಲ್ಲಿ ಅನ್ನುವ ಪದ ಸೇರಿಸಿ, ಕೊನೆಯಲ್ಲಿ ಪಡೆಯುವವರ ಹೆಸರು. ಅಲ್ಲಿಗೆ ಕಳಿಸುವುದಿದ್ದರೆ ಮನೆಯವರಿಂದಲೇ ಬರೆಸಿ ತರಿಸಿಕೊಳ್ಳುವುದು ವಾಸಿ.

ಮನೆಯೊಡತಿ:

ಮಕ್ಕಳು ಮನೆ ಬಿಟ್ಟು ಹೋದ ಮೇಲಿನ ಕಥೆಯನ್ನೂ ಯಾರಾದರೂ ಹೇಳಿ. ಓದು ಮುಗಿಸಿ ಹೋದವರ ಕಾಗದ ನಮ್ಮ ಮನೆಗೆ ಬರುತ್ತಲೇ ಇರುತ್ತದೆ. ಒಡೆಯುವ ಹಾಗಿಲ್ಲ, ಬಿಸಾಡಲು ಮನಸ್ಸು ಬರುವುದಿಲ್ಲ. ನಾನು ಕವರ್ ಮೇಲೆ ಇಲ್ಲಿ ಇಲ್ಲ ಅಂತ ಬರೆದು ಟಪಾಲು ಡಬ್ಬಿಗೆ ಹಾಕುತ್ತೇನೆ, ಕೆಲವು ತಿರುಗಿ ನಮ್ಮ ಮನೆಗೇ ಬರುತ್ತವೆ.

ನಿವೃತ್ತ ಸಾರ್ಟರ್:

ಅಮ್ಮ, ಅದಕ್ಕೆ ಕಾರಣ ನಾನು ಮೊದಲು ಹೇಳಿದ ಆ ಗೆರೆಗಳು. ಕವರ್ ಕೆಳಗೆ ನಿಮ್ಮ ಮನೆಯ ಬಾರ್‌ಕೋಡ್ ಇನ್ನೂ ಹಾಗೇ ಇದೆ, ಯಂತ್ರ ನಿಮ್ಮ ಕೈಬರಹ ಓದುವುದಿಲ್ಲ, ಗೆರೆ ಓದಿ ಮತ್ತೆ ನಿಮ್ಮ ಮನೆಗೇ ಕಳಿಸುತ್ತದೆ. ಆ ಗೆರೆಗಳ ಮೇಲೆ ದಪ್ಪ ಪೆನ್ನಿನಿಂದ ಅಡ್ಡ ಎಳೆದುಬಿಡಿ. ನಿಮ್ಮ ವಿಳಾಸಕ್ಕೂ ಒಂದು ಗೆರೆ. ಹೆಸರನ್ನು ಮಾತ್ರ ಹೊಡೆಯಬೇಡಿ, ಯಾರ ಕಾಗದ ಅಂತ ಗೊತ್ತಾಗಬೇಕಲ್ಲ. ಆಮೇಲೆ ಇಲ್ಲಿ ಇಲ್ಲ, ಕಳಿಸಿದವರಿಗೆ ವಾಪಸ್ ಅಂತ ಅಲ್ಲಿನ ಭಾಷೆಯಲ್ಲಿ ಬರೆದು ಹಾಕಿ. ಆಗುವುದಾದರೆ ಅಂಚೆಯಣ್ಣನ ಕೈಗೇ ಕೊಡಿ.

ಆದರೆ ನಿಜವಾಗಿ ಇದು ಹೋದವರು ಮಾಡಬೇಕಾದ ಕೆಲಸ. ಅಂಚೆಯವರಿಗೆ ಮನೆ ಬದಲಾವಣೆ ಅರ್ಜಿ ಕೊಟ್ಟರೆ ಕೆಲವು ತಿಂಗಳ ಮಟ್ಟಿಗೆ ಕಾಗದವನ್ನು ಹೊಸ ವಿಳಾಸಕ್ಕೆ ತಿರುಗಿಸುತ್ತಾರೆ. ಅಮೆರಿಕದಲ್ಲಿ ಫಸ್ಟ್ ಕ್ಲಾಸ್ ಕಾಗದಕ್ಕೆ, ಅಂದರೆ ಮಾಮೂಲಿ ಪತ್ರಗಳಿಗೆ, 12 ತಿಂಗಳು.

ಪಾರ್ಸೆಲ್ ಪುಟ್ಟ:

ಆ ಅರ್ಜಿಯಲ್ಲಿ ಒಂದು ಎಚ್ಚರ. ಅಮೆರಿಕದ ಫಾರ್ಮಿನಲ್ಲಿ ಹೋಗುತ್ತಿರುವುದು ಒಬ್ಬರೋ, ಇಡೀ ಕುಟುಂಬವೋ ಅಂತ ಕೇಳುತ್ತದೆ. ಚಿಕ್ಕಪ್ಪನ ಮನೆಯಲ್ಲಿ ಇದ್ದು ಹೋಗುವ ಹುಡುಗ ಕುಟುಂಬ ಅಂತ ಗುರುತು ಹಾಕಿದ ಅಂದುಕೊಳ್ಳಿ, ಚಿಕ್ಕಪ್ಪನ ಅಡ್ಡಹೆಸರೂ ಅದೇ. ಆಗ ಚಿಕ್ಕಪ್ಪನ ಮನೆಯ ಟಪಾಲೆಲ್ಲ ಹುಡುಗನ ಹೊಸ ವಿಳಾಸಕ್ಕೆ ಹೋಗುತ್ತದೆ. ಅತಿಥಿಯಾಗಿ ಇದ್ದವರು ಯಾವಾಗಲೂ ಒಬ್ಬರು ಅಂತಲೇ ಹಾಕಬೇಕು. ಬ್ಯಾಂಕಿನ ಕಾರ್ಡು ಇದ್ದ ಕವರ್‌ಗಳನ್ನು ಹೀಗೆ ತಿರುಗಿಸದೆ ಬ್ಯಾಂಕಿಗೇ ವಾಪಸ್ ಮಾಡುವುದು ಬಹಳ ಕಡೆ ಪದ್ಧತಿ, ಹಾಗಾಗಿ ಬ್ಯಾಂಕಿಗೆ ಪ್ರತ್ಯೇಕವಾಗಿ ತಿಳಿಸಲೇಬೇಕು.

ಹಾದಿಹೂವು:

ಎಲ್ಲ ಓದಿದೆ. ಮನೆಯವರ ಜೊತೆ ಮಾತಾಡಿದೆ, ಪೆಟ್ಟಿಗೆ ಮೇಲೆ ತಂಗಿ ಹೆಸರು ಅಂಟಿಸಲು ಒಪ್ಪಿದರು. ಒಂದೇ ಒಂದು ಉಳಿದಿದೆ. ಆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರ ಅಡ್ಡಹೆಸರೂ ಬೇರೆ ಬೇರೆ. ಕೇರಾಫ್‌ನಲ್ಲಿ ಯಾರ ಹೆಸರು ಹಾಕಲಿ?

ನಿವೃತ್ತ ಸಾರ್ಟರ್:

ಟಪಾಲು ಪೆಟ್ಟಿಗೆ ಮೇಲೆ ಯಾವ ಹೆಸರು ಇದೆಯೋ ಅದು. ಎರಡೂ ಇದ್ದರೆ ಹಗಲು ಮನೆಯಲ್ಲಿ ಇರುವವರದ್ದು, ಬಾಗಿಲು ತೆಗೆದು ಸಹಿ ಹಾಕುವವರು ಅವರೇ. ತಂಗಿಗೆ ಹೇಳಿ ಆ ಪೆಟ್ಟಿಗೆಯ ಒಂದು ಫೋಟೋ ತರಿಸಿಕೊಳ್ಳಿ, ಅದರಲ್ಲಿರುವ ಕಾಗುಣಿತವನ್ನೇ ಕವರ್ ಮೇಲೆ ಇಳಿಸಿ. ಕಳಿಸುವ ಮೊದಲು ಕವರ್ ಒಳಗೂ ಒಂದು ಚೀಟಿಯಲ್ಲಿ ಎರಡೂ ವಿಳಾಸ ಬರೆದು ಹಾಕಿ, ಮೇಲಿನ ಲೇಬಲ್ ಕಿತ್ತುಹೋದರೆ ಅಂಚೆಯವರು ಅದನ್ನು ನೋಡಿ ಕಳಿಸುತ್ತಾರೆ. ಮೂಲ ಪ್ರತಿಗಳ ಸ್ಕ್ಯಾನ್ ಇಟ್ಟುಕೊಂಡಿದ್ದೀರಿ ತಾನೇ?

ಹಾದಿಹೂವು:

ಇಟ್ಟುಕೊಂಡಿದ್ದೇನೆ ಸರ್. ಫೋಟೋ ಬಂದ ಕೂಡಲೇ ಕವರ್ ಬರೆಯುತ್ತೇನೆ.